ಪೊರಕೆ ಹಿಡಿದ ಕೈ

ಸಾಹಿತ್ಯದ ಮೇಷ್ಟರಿಗೆ ಪೊರಕೆಯ ಗೊಡವೆಯೇಕೆ ಎಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸೀತು. ಅರುವತ್ತು ತುಂಬುವವರೆಗೆ ನನಗೂ ಹಾಗೆಯೇ ಅನ್ನಿಸುತ್ತಿತ್ತು. ಮೂವತ್ತು ವರ್ಷ ತರಗತಿಯಲ್ಲಿ ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕನ ವಿಷಯ ಪಾಠ ಹೇಳಿದವನು ನಾನು. ಶರಣರ ಅಂಗಳದ ಕಸ ಗುಡಿಸುವುದೇ ಆಕೆಯ ಕಾಯಕವಾಗಿತ್ತೆಂದು ಪರಂಪರೆ ಹೇಳುತ್ತದೆ. ಲೋಕವು ಕೀಳೆಂದು ಕಂಡ ಕೆಲಸಕ್ಕೆ ಕಾಯಕದ ಪದವಿ ದೊರೆತದ್ದನ್ನು ವಿವರಿಸುವಾಗ ನನ್ನ ದನಿ ತಾನಾಗಿಯೇ ಏರುತ್ತಿತ್ತು. ಸಂಜೆ ಮನೆಗೆ ಮರಳಿ, ಒರೆಸಿಟ್ಟ ನೆಲದ ಮೇಲೆ ಒದ್ದೆಗಾಲಿನಲ್ಲಿ ನಡೆದು ಕುರ್ಚಿ ಸೇರುತ್ತಿದ್ದೆ. ಆ ನೆಲಕ್ಕಾಗಿ ಯಾರು ಎಷ್ಟು ಹೊತ್ತು ಬಾಗಿದ್ದರೆಂದು ಒಂದು ದಿನವೂ ಕೇಳಿದವನಲ್ಲ.

ನನ್ನ ಬಾಲ್ಯದ ಮನೆಯದು ಮಣ್ಣಿನ ನೆಲ. ಆ ಕಾಲದ ಶುಚಿತ್ವಕ್ಕೆ ಉಪಕರಣಗಳು ಕಡಿಮೆ, ಕ್ರಮ ಹೆಚ್ಚು. ಅಂಗಳಕ್ಕೆ ತೆಂಗಿನ ಕಡ್ಡಿಯ ಪೊರಕೆ, ಒಳಗೆ ಹುಲ್ಲಿನ ಪೊರಕೆ. ಪಾತ್ರೆಗೆ ಒಲೆಯ ಬೂದಿ, ಹಿತ್ತಾಳೆಗೆ ಹುಣಸೆಹಣ್ಣು, ಬಟ್ಟೆಗೆ ಅಂಟುವಾಳ. ದಿನವೂ ನಡೆಯಬೇಕಾದದ್ದು ಅಂಗಳ, ಹೊಸ್ತಿಲು, ಅಡುಗೆಮನೆ. ಒಳಮನೆಗೆ ಸಗಣಿ ಸಾರಿಸುವುದು ವಾರಕ್ಕೊಮ್ಮೆ. ಜೇಡ ಹೊಡೆದು ಸುಣ್ಣ ಬಳಿಯುವುದು ಯುಗಾದಿಗೆ ಮುಂಚೆ. ಆ ವರ್ಷದ ಕೆಲಸಕ್ಕೆ ಗಂಡಸರೂ ಏಣಿ ಹತ್ತುತ್ತಿದ್ದರು, ಮಕ್ಕಳು ನೀರು ಹೊರುತ್ತಿದ್ದೆವು. ಪಂಚಾಂಗವೇ ಕೆಲಸವನ್ನು ಹಂಚಿಕೊಟ್ಟಿತ್ತು. ಆದರೂ ಸಾರಿಸಿ ಎದ್ದ ನಮ್ಮ ತಾಯಿಯವರು ಸೊಂಟದ ಮೇಲೆ ಕೈಯಿಟ್ಟು ಕ್ಷಣಕಾಲ ಗೋಡೆಗೆ ಒರಗುತ್ತಿದ್ದುದು ನನಗೆ ನೆನಪಿದೆ. ಆ ಕಾಲವನ್ನು ಸುವರ್ಣಯುಗವೆನ್ನಲು ಆ ನೆನಪೇ ಬಿಡುವುದಿಲ್ಲ.

ನೆಲ ಬದಲಾದದ್ದು ನಿಧಾನವಾಗಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಒತ್ತೊತ್ತಾದ ಪೇಟೆಯನ್ನು ಬಿಟ್ಟು ಅನೇಕರು ಬಸವನಗುಡಿ, ಮಲ್ಲೇಶ್ವರಗಳ ಕಡೆಗೆ ಹೊರಟರು. ಗಾಳಿ, ಬೆಳಕು, ಅಗಲವಾದ ಬೀದಿ, ಹಿತ್ತಿಲ ಓಣಿ ಇವೆಲ್ಲ ಆರೋಗ್ಯದ ಮಾತಾದವು. ಮುಂದೆ ಕೆಂಪು ಗಾರೆಯ ನೆಲ ಬಂತು, ಮೊಸಾಯಿಕ್ ಬಂತು. ಸಗಣಿ ಸಾರಿಸುವ ಶ್ರಮ ತಪ್ಪಿತು ನಿಜ. ಆದರೆ ಹೊಳೆಯುವ ನೆಲ ಒಂದು ಹೆಜ್ಜೆಯ ಗುರುತನ್ನೂ ಮುಚ್ಚಿಡುವುದಿಲ್ಲ. ವಾರಕ್ಕೊಮ್ಮೆ ನೆಲ ಸಾರಿಸುತ್ತಿದ್ದ ತಾಯಿಯವರು, ನಮ್ಮ ಮನೆಗೆ ಗಾರೆ ಬಂದ ಮೇಲೆ, ಅದನ್ನು ದಿನವೂ ಒರೆಸತೊಡಗಿದರು.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲಿ ಧೂಳನ್ನು ಹೀರುವ ಯಂತ್ರವನ್ನು ರಚಿಸಿದ. ಅದು ಎಷ್ಟು ದೊಡ್ಡದೆಂದರೆ, ಕುದುರೆಗಾಡಿಯ ಮೇಲೆ ಬೀದಿಯಲ್ಲೇ ನಿಲ್ಲುತ್ತಿತ್ತು. ಉದ್ದನೆಯ ಕೊಳವೆಗಳು ಕಿಟಕಿಯ ಮೂಲಕ ಮನೆಯೊಳಗೆ ಹೋಗುತ್ತಿದ್ದವು. ಕೆಲವೇ ವರ್ಷಗಳಲ್ಲಿ ಯಂತ್ರ ಕೈಗೆ ಹಿಡಿಯುವಷ್ಟು ಚಿಕ್ಕದಾಯಿತು. ಗೃಹಿಣಿಗೆ ಬಿಡುವು ದೊರೆಯಿತೇ? ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಇದೇ ಪ್ರಶ್ನೆಯನ್ನೆತ್ತಿ ಒಂದು ಗ್ರಂಥವನ್ನೇ ಬರೆದರು. ಹಿಂದೆ ರತ್ನಗಂಬಳಿಯನ್ನು ಹೊರಗೆಳೆದು ಬಡಿಯಲು ಗಂಡಸರೂ ಮಕ್ಕಳೂ ಬೇಕಾಗಿದ್ದರು. ಯಂತ್ರ ಬಂದ ಮೇಲೆ ಅವರಿಗೆ ಬಿಡುಗಡೆಯಾಯಿತು, ತಾಯಿಗಲ್ಲ. ಶ್ರಮ ಹಗುರಾದಂತೆ ಶುಚಿತ್ವದ ಅಳತೆಗೋಲು ಉದ್ದವಾಯಿತು. ಇದು ಅವರ ವಾದದ ತಿರುಳು.

ನಮ್ಮ ದೇಶದ ಲೆಕ್ಕವೂ ಇದೆ. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ನಡೆಸಿದ ಸಮೀಕ್ಷೆಯ ಪ್ರಕಾರ, ಅಡುಗೆಯೂ ಸೇರಿದಂತೆ ಸಂಬಳವಿಲ್ಲದ ಮನೆಗೆಲಸಕ್ಕೆ ದಿನವೊಂದರಲ್ಲಿ ಕೈಹಚ್ಚಿದವರು ಹೆಂಗಸರಲ್ಲಿ ನೂರಕ್ಕೆ 81 ಮಂದಿ, ಗಂಡಸರಲ್ಲಿ 26 ಮಂದಿ. ಹಾಗೆ ಕೈಹಚ್ಚಿದ ಹೆಂಗಸರು ಸರಾಸರಿ 299 ನಿಮಿಷ ದುಡಿದರೆ ಗಂಡಸರು ದುಡಿದದ್ದು 97 ನಿಮಿಷ. ಈ ಅಂಕಿಗಳನ್ನು ಓದಿದಾಗ ನನ್ನ ಒದ್ದೆಗಾಲುಗಳು ನೆನಪಾದವು.

ನಾನು ಪೊರಕೆ ಹಿಡಿದದ್ದು ಜ್ಞಾನೋದಯದಿಂದಲ್ಲ. ನನ್ನಾಕೆಯ ಮೊಣಕಾಲು ಮುಷ್ಕರ ಹೂಡಿದ್ದರಿಂದ. ಮೊದಲ ದಿನ ನಾನು ನಡುಮನೆಯ ಮಧ್ಯದಿಂದ ಗುಡಿಸಲು ಹೊರಟೆ. "ಮೂಲೆಯಿಂದ ಗುಡಿಸಿಕೊಂಡು ಬನ್ನಿ. ಫ್ಯಾನು ಆರಿಸಿ ಮೊದಲು" ಎಂದಳು. ನಲವತ್ತು ವರ್ಷ ಜೊತೆಗೆ ಬಾಳಿದ ಮೇಲೆ, ಆಕೆಗೊಂದು ವಿದ್ಯೆಯಿದೆಯೆಂದು ನಾನು ತಿಳಿದದ್ದು ಆ ದಿನ.

ಈಗ ನಮ್ಮ ಮನೆಯಲ್ಲಿ ಹಳೆಯ ಪಂಚಾಂಗ ಹೊಸ ರೂಪದಲ್ಲಿ ಮರಳಿದೆ. ದಿನಕ್ಕೊಂದು ಕೋಣೆ, ಎಲ್ಲವೂ ಒಂದೇ ದಿನ ಹೊಳೆಯಲೇಬೇಕೆಂಬ ಹಟವಿಲ್ಲ. ಧೂಳು ಹಿಡಿಯುವುದಕ್ಕೆಂದೇ ಇದ್ದ ಹಾರ, ಫಲಕ, ಸ್ಮರಣಿಕೆಗಳು ಪೆಟ್ಟಿಗೆ ಸೇರಿವೆ. ಸನ್ಮಾನಗಳ ಭಾರ ಎಷ್ಟೆಂಬುದು ಅವನ್ನು ಒರೆಸಿದವರಿಗೇ ಗೊತ್ತು! ಮನೆಗೆಲಸವನ್ನು ಹಗುರ ಮಾಡುವ ಉಪಾಯವನ್ನು ಇತಿಹಾಸದಲ್ಲಿ ಹುಡುಕಿದರೆ ನನಗೆ ಕಾಣುವುದು ಇಷ್ಟೆ: ಪೊರಕೆಯನ್ನು ಸುಧಾರಿಸಿದ್ದರಿಂದ ಆದದ್ದು ಸ್ವಲ್ಪ, ಪೊರಕೆ ಒಂದೇ ಕೈಯಲ್ಲಿ ಉಳಿಯದಂತೆ ನೋಡಿಕೊಂಡರೆ ಆಗುವುದು ಬಹಳ. ಸತ್ಯಕ್ಕನ ಪಾಠವನ್ನು ನಾನು ಮೂವತ್ತು ವರ್ಷ ಹೇಳಿದೆ. ಕಲಿಯಲು ತೊಡಗಿದ್ದು ಈಚೆಗೆ.