ಹಂಡೆಯ ಹಿಂದಿನ ಲಾಂಛನ

ಯಲಹಂಕದ ಹಳೇ ಊರಿನ ನಮ್ಮ ಮನೆಯ ಬಚ್ಚಲಲ್ಲಿ, ಹಂಡೆ ಒಲೆಯ ಹಿಂದೆ, ಗೋಡೆಗೆ ಒರಗಿಸಿದ ಒಂದು ಎರಕದ ಕಬ್ಬಿಣದ ಹಲಗೆ ಇತ್ತು. ಮೊರದಷ್ಟು ಅಗಲ, ಇಬ್ಬರು ಹಿಡಿದು ಎತ್ತಬೇಕಾದಷ್ಟು ಭಾರ. ನೀರು ತುಂಬುವ ಹಬ್ಬದ ದಿನ ಹಂಡೆಗೆ ಸುಣ್ಣ, ಕೆಮ್ಮಣ್ಣು ಬಳಿದು ಬಳ್ಳಿ ಸುತ್ತಿದ ಮೇಲೆ ನಮ್ಮತ್ತೆ ಆ ಹಲಗೆಗೂ ಕುಂಕುಮ ಇಡುತ್ತಿದ್ದರು. "ಮೈಸೂರು ಮಹಾರಾಜರ ಗಂಡಭೇರುಂಡ ಕಣಮ್ಮ. ನಮ್ಮ ಮಾವನವರಿಗೆ ಅರಮನೆಯಿಂದ ಬಂದದ್ದು" ಎನ್ನುವರು. ಬಂದ ನೆಂಟರಿಗೆ ಬಚ್ಚಲುಮನೆ ತೋರಿಸುವವರು ಊರಲ್ಲಿ ನಾವೊಬ್ಬರೇ ಇರಬೇಕು!

ಗೀಸರ್ ಹಾಕಿಸಲು ಒಲೆ ಒಡೆಸಿದಾಗ ಹಲಗೆ ಹೊರಬಂತು. ಸೀಮೆಎಣ್ಣೆ ಹಾಕಿ ತಂತಿ ಬ್ರಷ್ಷಿನಿಂದ ಉಜ್ಜಿದೆ. ಮಸಿ ಹೋದಂತೆ ನನ್ನ ಎದೆ ಧಸಕ್ಕೆಂದಿತು. ನಡುವೆ ಎರಡು ತಲೆಯ ಹಕ್ಕಿಯೇ ಇಲ್ಲ!

ಮೈಸೂರು ಲಾಂಛನದಲ್ಲಿ ಗಂಡಭೇರುಂಡದ ಎರಡು ಕಡೆ ಶರಭಗಳು, ಸಿಂಹದ ಮೈ, ಆನೆಯ ಸೊಂಡಿಲು. ಇಲ್ಲಿ ಎಡಕ್ಕೆ ಕಿರೀಟ ತೊಟ್ಟ ಸಿಂಹ, ಬಲಕ್ಕೆ ಹಣೆಯಲ್ಲಿ ಒಂಟಿಕೊಂಬಿನ ಕುದುರೆ, ಅದಕ್ಕೊಂದು ಸರಪಳಿ. ಅತ್ತೆಯವರ ಕಣ್ಣಿಗೆ ಮಸಿ ಮೆತ್ತಿದ ಆ ಕೊಂಬೇ ಸೊಂಡಿಲಾಗಿತ್ತು. ಇದು ಇಂಗ್ಲೆಂಡಿನ ರಾಜಲಾಂಛನ. ಸಿಂಹ ಇಂಗ್ಲೆಂಡಿನದು, ಕುದುರೆ ಸ್ಕಾಟ್ಲೆಂಡಿನದು. 1603ರಲ್ಲಿ ಎರಡಕ್ಕೂ ಒಬ್ಬನೇ ರಾಜನಾದಾಗ ಜೊತೆಗೂಡಿದವು. ಗುರಾಣಿಯ ನಾಲ್ಕು ಮನೆಗಳಲ್ಲಿ ಎರಡರಲ್ಲಿ ಮೂರು ಮೂರು ಸಿಂಹ, ಒಂದರಲ್ಲಿ ಒಂಟಿ ಸಿಂಹ, ಇನ್ನೊಂದರಲ್ಲಿ ಐರ್ಲೆಂಡಿನ ತಂತಿವಾದ್ಯ. 1801ಕ್ಕೆ ಮುಂಚಿನದಾದರೆ ಫ್ರಾನ್ಸಿನ ಹೂವು ಇರುತ್ತಿತ್ತು. 1837ಕ್ಕೆ ಮುಂಚಿನದಾದರೆ ನಡುವೆ ಹ್ಯಾನೋವರಿನ ಪುಟ್ಟ ಗುರಾಣಿ ಇರುತ್ತಿತ್ತು. ಎರಡೂ ಇಲ್ಲವೆಂದರೆ ಈ ವಿನ್ಯಾಸ ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ ಮೇಲಿನದು.

ಇಂಥ ಹಲಗೆಗಳನ್ನು ಬಿಳಿಯರು ಚಳಿ ಕಾಯಿಸುವ ಬೆಂಕಿಗೂಡಿನ ಹಿಂದೆ ನಿಲ್ಲಿಸುತ್ತಿದ್ದರು. ಇಟ್ಟಿಗೆ ಸುಟ್ಟು ಬಿರಿಯದಂತೆ ಅದು ಕಾಯುತ್ತದೆ. ಕಾದ ಕಬ್ಬಿಣ ಶಾಖವನ್ನು ಕೋಣೆಗೆ ಮರಳಿಸುತ್ತದೆ. 1809ರಲ್ಲಿ ದಂಡು ಪ್ರದೇಶ ನೆಲೆಯಾದ ಮೇಲೆ ಬೆಂಗಳೂರಿನ ಬಂಗಲೆಗಳಿಗೂ ಬೆಂಕಿಗೂಡು ಬಂತು. ನಮ್ಮ ಚಿಕ್ಕಮಾವನವರನ್ನು ಕೇಳಿದೆ. "ದಂಡಿನಲ್ಲಿ ಯಾವುದೋ ಬಂಗಲೆ ಕೆಡವಿದಾಗ ಅಪ್ಪ ತೂಕಕ್ಕೆ ಕೊಂಡು ಗಾಡಿಯಲ್ಲಿ ತಂದರು" ಎಂದು ನಕ್ಕರು.

ಈಗ ಅತ್ತೆಗೆ ಹೇಳುವುದು ಹೇಗೆ? ಎಂಬತ್ತು ದಾಟಿದ ಜೀವ. ಸುಮ್ಮನಿದ್ದುಬಿಡಲೇ? ಆದರೆ ಮೂವತ್ತು ವರ್ಷ ತರಗತಿಯಲ್ಲಿ "ಆಧಾರ ನೋಡಿ ಮಾತಾಡಿ" ಎಂದು ಮಕ್ಕಳನ್ನು ಗದರಿಸಿದವಳು ನಾನು. ಎರಡು ದಿನ ತಡೆದು, ಪಕ್ಕದಲ್ಲಿ ಕುಳಿತು ಹೇಳಿಯೇಬಿಟ್ಟೆ. ಗಂಡಭೇರುಂಡ ನಮ್ಮದೇ, ಬಳ್ಳಿಗಾವಿಯಲ್ಲಿ 1047ರ ಕಂಬವೇ ಇದೆ, ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಅದು ಆನೆಗಳನ್ನೇ ಎತ್ತಿದೆ ಎಂದೂ ಸೇರಿಸಿದೆ. ಗುರಾಣಿ, ಎರಡು ಕಡೆ ಕಾವಲು ಪ್ರಾಣಿ ಎಂಬ ಜೋಡಣೆ ಯುರೋಪಿನದು. ಮೈಸೂರಿನವರು ಆ ಚೌಕಟ್ಟಿನೊಳಗೆ ನಮ್ಮ ಹಕ್ಕಿಯನ್ನು ಕೂರಿಸಿದರು. ಹಾಗಾಗಿ ನೀವು ತಪ್ಪು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ ಎಂದೆ.

ಅತ್ತೆ ಸಂಜೆಯವರೆಗೂ ಮಾತಾಡಲಿಲ್ಲ. ದೀಪ ಹಚ್ಚಿದ ಮೇಲೆ, "ಹಾಗಾದರೆ ನಾನು ಕುಂಕುಮ ಇಟ್ಟದ್ದು?" ಎಂದರು.

"ಒಲೆಗೆ ಇಟ್ಟಿರಿ ಅತ್ತೆ. ರಾಣಿಗಲ್ಲ."

ಹಲಗೆ ಈಗ ಹಿತ್ತಿಲ ಜಗಲಿಯಲ್ಲಿದೆ. ಹೋದ ವಾರ ನೆಂಟರು ಬಂದಿದ್ದರು. ಅತ್ತೆ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, "ಇದು ಇಂಗ್ಲೆಂಡಿನವರದಂತೆ. ನಮ್ಮ ಸೊಸೆ ಓದಿ ಕಂಡುಹಿಡಿದಳು" ಎನ್ನುತ್ತಿದ್ದುದು ಅಡುಗೆಮನೆಗೆ ಕೇಳಿಸಿತು.