ಸುಮ್ಮನೆ ಬಿದ್ದ ಜಾಗ

ದಾದರಿನಲ್ಲಿ ರಾತ್ರಿ ಹತ್ತಿದ ಮೈಸೂರಿನ ರೈಲು ಮರುದಿನ ದಾವಣಗೆರೆ ದಾಟಿದ ಮೇಲೆ ನಮ್ಮ ಕಡೆಯವರ ಮುಖ ಬದಲಾಗುತ್ತದೆ. ಚಿಕ್ಕಜಾಜೂರು, ಹೊಸದುರ್ಗ ರೋಡ್, ಅಜ್ಜಂಪುರ, ಬೀರೂರು. ಇಳಿಯುವವರು ಬ್ಯಾಗು ಸರಿಮಾಡಿಕೊಳ್ಳುತ್ತಾರೆ, ಮನೆಗೆ ಫೋನು ಹೋಗುತ್ತದೆ. ಕಿಟಕಿಯ ಹೊರಗೆ ತೆಂಗಿನ ತೋಟ, ರಾಗಿ ಹೊಲ, ಆಮೇಲೆ ಇದ್ದಕ್ಕಿದ್ದಂತೆ ಏನೂ ಇಲ್ಲದ ಬಯಲು. ಒಂದು ಏಪ್ರಿಲ್‌ನಲ್ಲಿ ಎದುರು ಸೀಟಿನ ಹಿರಿಯರೊಬ್ಬರು, "ಎಷ್ಟು ಜಾಗ ಸುಮ್ನೆ ಬಿದ್ದಿದೆ ನೋಡಿ" ಎಂದರು. ನಾನೂ ಹೌದೆಂದು ತಲೆಯಾಡಿಸಿದೆ. ಹಾಗೆ ತಲೆಯಾಡಿಸಬಾರದಿತ್ತು ಎಂದು ತಿಳಿಯಲು ನನಗೆ ಕೆಲವು ವರ್ಷ ಬೇಕಾಯಿತು.

ಆ ಬಯಲಿನ ಹೆಸರು ಅಮೃತಮಹಲ್ ಕಾವಲು. ಮೈಸೂರು ಅರಸರ ದನಗಳ ಮೇವಿಗೆಂದು ಕಾದಿಟ್ಟ ಹುಲ್ಲುಗಾವಲು. ವಿಜಯನಗರದ ಪ್ರತಿನಿಧಿ ಶ್ರೀರಂಗಪಟ್ಟಣದಲ್ಲಿದ್ದ ಕಾಲದಲ್ಲೇ 'ಕರುಹಟ್ಟಿ' ಎಂಬ ಹೆಸರಿನ ಹಿಂಡು ಇತ್ತಂತೆ. ಅದು ಒಡೆಯರ ಕೈಗೆ ಬಂದು, 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂಬ ಇಲಾಖೆಯಾಯಿತು. ಟಿಪ್ಪು ಅದಕ್ಕೆ 'ಅಮೃತಮಹಲ್' ಎಂದು ಹೆಸರಿಟ್ಟು, ನಡೆಸುವ ಕ್ರಮವನ್ನು ಹುಕುಮ್‌ನಾಮೆಯಾಗಿ ಬರೆಸಿದ. ಅವನನ್ನು ಸೋಲಿಸಿದ ಬ್ರಿಟಿಷರು ಕೂಡ ಅದೇ ನಿಯಮಗಳನ್ನು ಬಹುಕಾಲ ಇಟ್ಟುಕೊಂಡರು.

ಹೆಸರಿನಲ್ಲಿ ಬೆಣ್ಣೆ, ಅಮೃತ ಇದ್ದರೂ ಈ ದನಗಳ ನಿಜವಾದ ಬೆಲೆ ಇದ್ದದ್ದು ಹಾಲಿನಲ್ಲಲ್ಲ, ಕಾಲಿನಲ್ಲಿ. ತೋಪು ಎಳೆಯುವ, ಸೈನ್ಯದ ಸಾಮಾನು ಹೊರುವ ಎತ್ತುಗಳು ಇವು. ಚಿದಂಬರದ ರಕ್ಷಣೆಗೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ಹೋದದ್ದು ಇವುಗಳ ಬಲದಿಂದ ಎಂದು ಬಿ. ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ಬರೆಯುತ್ತಾರೆ. ಎತ್ತಿನ ಕಥೆಯನ್ನು ಬಹಳ ಮಂದಿ ಹೇಳಿದ್ದಾರೆ. ಆ ಎತ್ತನ್ನು ಬೆಳೆಸಿದ ಹುಲ್ಲಿನ ಕಥೆ ಹೇಳುವವರು ಕಡಿಮೆ.

ನಮ್ಮ ಬಯಲುಸೀಮೆಯಲ್ಲಿ ಒಂದೇ ಜಾಗದಲ್ಲಿ ವರ್ಷವಿಡೀ ಹುಲ್ಲು ಸಿಗುವುದಿಲ್ಲ. ಮುಂಗಾರಿನಲ್ಲಿ ಹಸಿರಾದ ಗುಡ್ಡ ಸಂಕ್ರಾಂತಿಯ ಹೊತ್ತಿಗೆ ಒಣಗಿರುತ್ತದೆ. ಅಲ್ಲಿಯೇ ದನ ನಿಲ್ಲಿಸಿದರೆ ಮೊದಲು ಎಲೆ ಹೋಗುತ್ತದೆ, ಆಮೇಲೆ ಬುಡ. ಇದಕ್ಕೆ ಅಮೃತಮಹಲ್ ಕಂಡುಕೊಂಡ ಉಪಾಯ, ಕಾವಲುಗಳನ್ನು ಕಾಲಕ್ಕೆ ತಕ್ಕಂತೆ ಹಂಚುವುದು: ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು. ಹಿಂಡು ಒಂದರಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗಬೇಕು. ಬಿಟ್ಟು ಬಂದ ಕಾವಲು ಅದರ ಕಾಲ ಮತ್ತೆ ಬರುವವರೆಗೆ ಖಾಲಿ ಇರಬೇಕು.

ಇವುಗಳಲ್ಲಿ ಹೆಚ್ಚು ಬೆಲೆಬಾಳುವುದು ಬೇಸಿಗೆಯ ಕಾವಲು. ಅದು ಹೆಚ್ಚಾಗಿ ಕೆರೆಯಂಗಳ. ಶಿವರಾತ್ರಿ ಕಳೆದು ಬಿಸಿಲು ಏರಿದಂತೆ ಕೆರೆಯ ನೀರು ದಿನಕ್ಕಿಷ್ಟು ಹಿಂದೆ ಸರಿಯುತ್ತದೆ. ನೀರು ಬಿಟ್ಟುಕೊಟ್ಟ ತೇವದ ನೆಲದಲ್ಲಿ ಎಳೆಹುಲ್ಲು ಏಳುತ್ತದೆ. ಸುತ್ತಲಿನ ಸೀಮೆಯೆಲ್ಲ ಕಾದ ಹೆಂಚಾಗಿರುವಾಗ ಅಲ್ಲಿ ಮಾತ್ರ ಹಸಿರು, ನೀರು, ಏರಿಯ ಪಕ್ಕದ ಮರದ ನೆರಳು.

ಚೈತ್ರ, ವೈಶಾಖದ ದಿನ ಅಲ್ಲಿ ಹೇಗೆ ನಡೆಯುತ್ತದೆ ಎಂಬುದು ದನ ಕಾದವರಿಗೆ ಗೊತ್ತಿರುವ ವಿಷಯವೇ. ಬಿಸಿಲು ಏರುವ ಮೊದಲು ಮೇವು, ಆಮೇಲೆ ನೀರು. ನಡುಮಧ್ಯಾಹ್ನ ಮರದಡಿ ಮೆಲುಕು. ಬಿಸಿಲು ಇಳಿದ ಮೇಲೆ ಮತ್ತೆ ಮೇವು. ಅಮೃತಮಹಲ್ ದನಕ್ಕೆ ಕೊಟ್ಟಿಗೆಯ ಸುಖ ಇರಲಿಲ್ಲ, ರಾತ್ರಿಯೂ ಬಯಲಲ್ಲೇ. ತಾಯಿಯ ಹಾಲು ಬಹುಪಾಲು ಕರುವಿಗೇ. ಹೀಗೆ ಅರೆಕಾಡಾಗಿ ಬೆಳೆದ ದನ ತನ್ನ ಕಾವಲಿನವನನ್ನು ಬಿಟ್ಟು ಬೇರೆಯವರನ್ನು ಹತ್ತಿರ ಸೇರಿಸುವುದಿಲ್ಲ. ಹೋರಿಯನ್ನು ಪಳಗಿಸಬೇಕಾದಾಗ ಅನುಭವಸ್ಥ ಹಳೆಯ ಎತ್ತಿನ ಜೊತೆ ಕಟ್ಟಿ ಕಲಿಸುತ್ತಿದ್ದರು.

ಕಾಯುವವನ ಕಣ್ಣು ಮಾತ್ರ ದನಕ್ಕಿಂತ ಹೆಚ್ಚಾಗಿ ನೆಲದ ಮೇಲೆ ಇರಬೇಕು. ಸಗಣಿ ಗಟ್ಟಿಯಾಯಿತೇ, ದನ ಇಷ್ಟವಾದ ಹುಲ್ಲು ಬಿಟ್ಟು ಬೇರೆಯದಕ್ಕೆ ಬಾಯಿ ಹಾಕುತ್ತಿದೆಯೇ, ನೀರು ಇನ್ನೆಷ್ಟು ದಿನ ಬಂದೀತು? ಮೇ ತಿಂಗಳ ಮೊದಲ ಹದಮಳೆ ಬಿದ್ದ ಕೂಡಲೇ ಗುಡ್ಡದಲ್ಲಿ ಹಸಿರು ಮಿಂಚುತ್ತದೆ. ಆಗ ದನವನ್ನು ಅಲ್ಲಿಗೆ ಬಿಡಬೇಕೆಂಬ ಆಸೆ ಹುಟ್ಟುತ್ತದೆ. ಬಿಡಬಾರದು. ಬೇರಿನಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡಿ ಎದ್ದ ಚಿಗುರು ಅದು. ಅದನ್ನು ಆಗಲೇ ಕಚ್ಚಿದರೆ ಹುಲ್ಲಿನ ಬಂಡವಾಳವೇ ಹೋಯಿತು. ಎಲೆ ಬಲಿತು ಬೇರಿನ ಸಾಲ ತೀರಿಸುವವರೆಗೆ ಕಾಯಬೇಕು. ಕಾವಲು ಎಂಬ ನಮ್ಮ ಮಾತಿನಲ್ಲೇ ಎರಡು ಅರ್ಥ ಇವೆ: ಮೇಯುವ ಜಾಗ, ಕಾಯುವ ಕೆಲಸ.

ಈಗ ಇದಕ್ಕೆ ರೊಟೇಷನಲ್ ಗ್ರೇಜಿಂಗ್ ಎನ್ನುತ್ತಾರೆ. ಫ್ರಾನ್ಸಿನ ನಾರ್ಮಂಡಿಯಲ್ಲಿ ತನ್ನದೇ ದನಗಳನ್ನು ನೋಡುತ್ತಾ ಆಂಡ್ರೆ ವಾಸಿನ್ ಎಂಬಾತ 1957ರಲ್ಲಿ ಇದರ ಬಗ್ಗೆ ಹೆಸರಾದ ಪುಸ್ತಕ ಬರೆದ. ಹುಲ್ಲಿಗೆ ಎರಡು ಮೇವಿನ ನಡುವೆ ಸಾಕಷ್ಟು ಬಿಡುವು ಬೇಕು ಎಂಬುದು ಅವನ ಮೊದಲ ನಿಯಮ. ಅವನ ಬಿಡುವಿನ ಲೆಕ್ಕ ದಿನಗಳಲ್ಲಿ, ನಮ್ಮವರದು ಋತುಗಳಲ್ಲಿ. ಮಳೆ ಬೇರೆ, ಹುಲ್ಲು ಬೇರೆ. ಹಾಗಾಗಿ ಎರಡೂ ಒಂದೇ ಎನ್ನುವುದು ತಪ್ಪಾದೀತು. ಆದರೆ ಖಾಲಿ ನೆಲ ಕೆಲಸ ಮಾಡುತ್ತಿರುತ್ತದೆ ಎಂಬುದನ್ನು ಇಬ್ಬರೂ ಕಂಡಿದ್ದರು.

ಈ ಕೆಲಸ ಕಾಗದದ ಲೆಕ್ಕಕ್ಕೆ ಕಾಣುವುದಿಲ್ಲ. ಕಷ್ಟ ಶುರುವಾದದ್ದು ಅಲ್ಲಿಂದ. 1799ರ ನಂತರ ಹಿಂಡು ಸೊರಗಿ, 1813ರಲ್ಲಿ ಮದರಾಸು ಸೇನೆಯ ಕ್ಯಾಪ್ಟನ್ ಹಾರ್ವೆಯ ಕೈಗೆ ಬಂದ ಮೇಲೆ ಚೇತರಿಸಿತ್ತು. 1860ರಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲೆಂದು ಅದನ್ನು ಒಡೆದು ಮಾರಿಸಿದ. ಒಳ್ಳೆಯ ಎತ್ತು ಸಿಗದೆ ತೊಂದರೆಯಾಗಿ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ದನ ಹೇಗೋ ಕೂಡಿಸಿದರು. ಆದರೆ ನೆಲ ಒಮ್ಮೆ ಕೈಬಿಟ್ಟರೆ ಹಾಗೆ ಬರುವುದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ನಾಲ್ಕು ಲಕ್ಷ ಎಕರೆಗೂ ಮೀರಿದ್ದ ಕಾವಲುಗಳಲ್ಲಿ ಇಂದು ಉಳಿದಿರುವುದು ಸಣ್ಣ ಪಾಲು. ಸ್ವಾತಂತ್ರ್ಯದ ಆಸುಪಾಸಿನ 'ಹೆಚ್ಚು ಆಹಾರ ಬೆಳೆಯಿರಿ' ಕಾಲದಲ್ಲಿ ಕಾವಲುಗಳು ಹೊಲಗಳಾದವು. ಈಚೆಗೆ, ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು ಹತ್ತು ಸಾವಿರ ಎಕರೆ ರಕ್ಷಣೆ, ಅಣು, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಕುರಿ, ದನ ಮೇಯಿಸಿ ಬದುಕುತ್ತಿದ್ದ ಸುತ್ತಲ ಹಳ್ಳಿಯವರಿಗೆ ಗೋಡೆ ಎದ್ದಾಗಲೇ ವಿಷಯದ ಗಾತ್ರ ತಿಳಿದದ್ದು. ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು.

ಇಷ್ಟು ಬರೆದು ಸರ್ಕಾರವನ್ನೋ ಸಂಸ್ಥೆಯನ್ನೋ ಬೈದು ಮುಗಿಸಬಹುದಿತ್ತು. ಆದರೆ ಹೇಳಬೇಕಾದ ಮಾತು ಒಂದಿದೆ. ನಮ್ಮ ತಾತನಿಗೂ ಎರಡು ಎಕರೆ ಕಾವಲು ಜಮೀನು ಮಂಜೂರಾಗಿತ್ತು. ಅದಕ್ಕೆ ಮೊದಲು ಅವರಿಗೆ ಸ್ವಂತ ನೆಲವಿರಲಿಲ್ಲ. ಆ ಎರಡು ಎಕರೆಯ ರಾಗಿ ಉಂಡೇ ನಮ್ಮಪ್ಪ ಓದಿದ್ದು, ಅಪ್ಪ ಓದಿದ್ದಕ್ಕೇ ನಾನು ಮುಂಬಯಿಗೆ ಬಂದದ್ದು. ನೆಲವಿಲ್ಲದವನಿಗೆ ನೆಲ ಸಿಕ್ಕಿದ್ದು ಅನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ. "ಮೊದಲು ಅಲ್ಲಿ ಏನಿತ್ತಪ್ಪ?" ಎಂದು ಕೇಳಿದರೆ ಅಪ್ಪನ ಉತ್ತರ ಒಂದೇ: "ಏನಿರುತ್ತೆ, ಸುಮ್ನೆ ಬಿದ್ದಿತ್ತು."

ಆ ಮಾತೇ ನನ್ನನ್ನು ಕಾಡುವುದು. ತಾತನಿಗೆ ಕೊಡುವಾಗ, ಕಾರ್ಖಾನೆಗೆ ಕೊಡುವಾಗ, ಸಂಸ್ಥೆಗೆ ಕೊಡುವಾಗ ಕಡತದಲ್ಲಿ ಬರೆಯುವ ಕಾರಣ ಅದೊಂದೇ. ಬೇಕೆಂದು ಕೊಡುವುದು ಬೇರೆ. ಅಲ್ಲಿ ಏನೂ ಇರಲಿಲ್ಲ ಎಂದು ಹೇಳಿ ಕೊಡುವುದು ಬೇರೆ. ಮೊದಲನೆಯದರಲ್ಲಿ ಏನು ಕಳೆದುಕೊಂಡೆವು ಎಂಬ ಲೆಕ್ಕವಾದರೂ ಉಳಿಯುತ್ತದೆ.

ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಕೇಂದ್ರ ಇಂದಿಗೂ ನಡೆಯುತ್ತಿದೆ. ಕಡೂರಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಮುಂದಿನ ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಅಜ್ಜಂಪುರ ಬಿಟ್ಟ ಮೇಲೆ ಒಮ್ಮೆ ಮೊಬೈಲಿನಿಂದ ತಲೆಯೆತ್ತಿ ಹೊರಗೆ ನೋಡಿ. ಬಯಲಿನಲ್ಲಿ ಒಂದೂ ದನ ಕಾಣದಿದ್ದರೆ, ಅದು ಹುಲ್ಲಿನ ಸರದಿ ಇರಬಹುದು. ಎದುರು ಸೀಟಿನವರು ಏನಾದರೂ ಅಂದರೆ ಅಷ್ಟನ್ನು ಹೇಳಿ. ನಾನು ಆವತ್ತು ಹೇಳಲಿಲ್ಲ.