ದರಿಯಾ ದೌಲತ್: ಗೆದ್ದವರು ಉಳಿಸಿದ ಸೋಲಿನ ಚಿತ್ರ

ಗಂಡಸಿ ಹ್ಯಾಂಡ್‌ಪೋಸ್ಟಿನ ಸುತ್ತಮುತ್ತಲ ಶಾಲೆಗಳಿಂದ ಪ್ರವಾಸ ಹೊರಟರೆ ಸಾಮಾನ್ಯವಾಗಿ ದಾರಿ ಎರಡೇ. ಒಂದು ಬೇಲೂರು, ಹಳೇಬೀಡಿನ ಕಡೆಗೆ. ಇನ್ನೊಂದು ಚನ್ನರಾಯಪಟ್ಟಣದ ಮೇಲೆ ಹಾದು ಶ್ರೀರಂಗಪಟ್ಟಣ, ಮೈಸೂರಿಗೆ. ಮೊದಲನೆಯ ದಾರಿಯಲ್ಲಿ ದೇವಾಲಯಗಳಿವೆ, ಅರಮನೆಯಿಲ್ಲ. ದ್ವಾರಸಮುದ್ರದಲ್ಲಿ ಕುಳಿತು ನಾಡನ್ನಾಳಿದ ಹೊಯ್ಸಳ ದೊರೆಗಳು ಎಲ್ಲಿ ಒಡ್ಡೋಲಗ ನಡೆಸುತ್ತಿದ್ದರು, ಯಾವ ಗೋಡೆಯ ಮೇಲೆ ಯಾವ ಚಿತ್ರ ಬರೆಸಿದ್ದರು ಎಂದು ಮಕ್ಕಳು ಕೇಳಿದರೆ ಮೇಷ್ಟ್ರು ಕೈತೋರಿಸಿ ಹೇಳುವಂಥದು ಅಲ್ಲಿ ಏನೂ ಉಳಿದಿಲ್ಲ. ದೊರೆಯ ಮನೆ, ಅದರ ಚಿತ್ರಗಳು, ಸುತ್ತಲ ತೋಟ ಇವೆಲ್ಲ ಒಟ್ಟಿಗೇ ನೋಡಲು ಸಿಗಬೇಕಾದರೆ ಎರಡನೆಯ ದಾರಿಯನ್ನೇ ಹಿಡಿಯಬೇಕು. ಶ್ರೀರಂಗಪಟ್ಟಣದ ಕೋಟೆಯಿಂದ ಹೊರಗೆ, ಕಾವೇರಿಯ ಪಕ್ಕದಲ್ಲಿರುವ ದರಿಯಾ ದೌಲತ್ ಬಾಗ್ ಅಂಥ ಜಾಗ.

ಯೂರೋಪಿಗೆ ಹೋಗಿಬಂದವರು ಅಲ್ಲಿನ ಪುನರುಜ್ಜೀವನ ಕಾಲದ ಅರಮನೆಗಳ ಬಗ್ಗೆ ಹೇಳುವುದನ್ನು ನಾವು ಕೇಳಿದ್ದೇವೆ. ಗೋಡೆ ತುಂಬ ಚಿತ್ರ, ಕಿಟಕಿಯಾಚೆ ಅಳತೆಗೆ ಬಿಡಿಸಿದ ತೋಟ. ಅವುಗಳ ಮುಂದೆ ದರಿಯಾ ದೌಲತ್ ಚಿಕ್ಕದು, ಕಾಲದಲ್ಲೂ ಈಚಿನದು. ಟಿಪ್ಪು ಸುಲ್ತಾನ್ ಇದನ್ನು ಕಟ್ಟಿಸಿದ್ದು 1784ರಲ್ಲಿ. ಎತ್ತರದ ಜಗಲಿಯ ಮೇಲೆ ಬಹುಪಾಲು ತೇಗದ ಮರದಿಂದ ಎದ್ದ ಚೌಕಾಕಾರದ ಕಟ್ಟಡ, ಸುತ್ತಲೂ ಕಂಬಗಳ ಪಡಸಾಲೆ, ಬಿಸಿಲು ತಡೆಯಲು ಇಳಿಬಿಟ್ಟ ಹಸಿರು ಪರದೆಗಳು. ದೂರದಿಂದ ನೋಡಿದವರಿಗೆ ‘ಇಷ್ಟೇನಾ’ ಅನ್ನಿಸಿದರೆ ತಪ್ಪಿಲ್ಲ. ಪರದೆ ಸರಿಸಿ ಒಳಗೆ ಕಾಲಿಟ್ಟ ಮೇಲೆ ಮಾತು ಬೇರೆ. ನೆಲದಿಂದ ಸೂರಿನವರೆಗೆ ಅಂಗೈಯಗಲ ಜಾಗವೂ ಖಾಲಿ ಬಿಡದಂತೆ ಬಣ್ಣದ ಕೆಲಸವಿದೆ.

ಪೂರ್ವದ ಗೋಡೆಯ ಮೇಲೆ ಸಾಲುಸಾಲಾಗಿ ದರ್ಬಾರಿನ ದೃಶ್ಯಗಳು. ತಂಜಾವೂರಿನ ರಾಜ, ಕಾಶಿಯ ರಾಜ, ಪೇಶ್ವೆ ಬಾಲಾಜಿರಾವ್, ಮಾಗಡಿ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ, ಕೃಷ್ಣರಾಜ ಒಡೆಯರು ಎಲ್ಲರೂ ಅಲ್ಲಿದ್ದಾರೆ. ಮದಕರಿ ನಾಯಕನ ದುರ್ಗವನ್ನು 1779ರಲ್ಲಿ ಕಿತ್ತುಕೊಂಡವನು ಹೈದರಾಲಿ. ಅವನ ಮಗನ ಅರಮನೆಯ ಗೋಡೆಯ ಮೇಲೆ ನಾಯಕ ತನ್ನ ದರ್ಬಾರಿನಲ್ಲೇ ಕುಳಿತಿದ್ದಾನೆ.

ಜನ ಹೆಚ್ಚು ಹೊತ್ತು ನಿಲ್ಲುವುದು ಪಶ್ಚಿಮದ ಗೋಡೆಯೆದುರು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ನಡೆದ ಕಾಳಗ ಅಲ್ಲಿದೆ. ಕರ್ನಲ್ ಬೇಯ್ಲಿಯ ಕೈಕೆಳಗಿದ್ದ ಕಂಪನಿ ಸೈನ್ಯವನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದು ಮುರಿದ ದಿನ ಅದು. ಹತ್ತಿರದಲ್ಲೇ ದೊಡ್ಡ ಪಡೆಯೊಡನೆ ಇದ್ದ ಸರ್ ಹೆಕ್ಟರ್ ಮನ್ರೊ ಸಮಯಕ್ಕೆ ಬಂದು ಮುಟ್ಟಲಿಲ್ಲ. ಅದುವರೆಗೆ ಭಾರತದಲ್ಲಿ ಕಂಪನಿಗೆ ಅಂಥ ಪೆಟ್ಟು ಬಿದ್ದಿರಲಿಲ್ಲ. ಚಿತ್ರದಲ್ಲಿ ಕೆಂಪು ಅಂಗಿಯ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ, ನಡುವೆ ಗಾಯಗೊಂಡ ಬೇಯ್ಲಿ ಪಲ್ಲಕ್ಕಿಯಲ್ಲಿದ್ದಾನೆ, ಮದ್ದಿನ ಬಂಡಿಗೆ ಬೆಂಕಿ ಹತ್ತಿದೆ, ಫ್ರೆಂಚ್ ಅಧಿಕಾರಿ ಲಾಲಿ ದೂರದರ್ಶಕ ಹಿಡಿದು ನೋಡುತ್ತಿದ್ದಾನೆ. ನಾಲ್ಕೂ ದಿಕ್ಕಿನಿಂದ ಮೈಸೂರಿನ ಕುದುರೆ ದಂಡು ನುಗ್ಗಿದೆ. ಒಂದು ಮೂಲೆಯಲ್ಲಿ ಹೈದರಾಬಾದಿನ ನಿಜಾಮ ಎಲ್ಲ ಮುಗಿದ ಮೇಲೆ ಬರುತ್ತಿದ್ದಾನೆ. ಅಲ್ಲಿ ಹಸುವೂ ಹಂದಿಯೂ ಇವೆ. ನಿಜಾಮನನ್ನು ಕುರಿತ ಚೇಷ್ಟೆ ಅದು ಎನ್ನುವುದು ವಾಡಿಕೆಯ ವಿವರಣೆ. ಅರಮನೆಯ ಗೋಡೆಯನ್ನು ಇಂದಿನ ವ್ಯಂಗ್ಯಚಿತ್ರದ ಕೆಲಸಕ್ಕೆ ಬಳಸಿಕೊಂಡವರು ನಮ್ಮಲ್ಲಿ ಹೆಚ್ಚಿಲ್ಲ.

ಹತ್ತೊಂಬತ್ತು ವರ್ಷಗಳಾಗುವುದರೊಳಗೆ, 1799ರ ಮೇ 4ರಂದು, ಅದೇ ಕಂಪನಿ ಶ್ರೀರಂಗಪಟ್ಟಣವನ್ನು ಹಿಡಿಯಿತು. ಟಿಪ್ಪು ಸತ್ತ. ಗೆದ್ದವರಿಗೆ ತಮ್ಮ ಅವಮಾನದ ಈ ಚಿತ್ರವನ್ನು ಕೆರೆದು ಹಾಕಲು ಯಾವ ಅಡ್ಡಿಯೂ ಇರಲಿಲ್ಲ. ಕೋಟೆಯೊಳಗಿದ್ದ ಟಿಪ್ಪುವಿನ ಮುಖ್ಯ ಅರಮನೆ ಲಾಲ್ ಮಹಲನ್ನು ಬಿಚ್ಚಿಯೇ ಹಾಕಿದರು. ರಂಗನಾಥನ ಗುಡಿಯ ಸಮೀಪ ಈಗ ಅದರ ಅವಶೇಷ ಮಾತ್ರ ಕಾಣುತ್ತದೆ. ಅದರ ತೇಗದ ತೊಲೆಗಳು ಘಟ್ಟ ಹತ್ತಿ ಉದಕಮಂಡಲಕ್ಕೆ ಹೋಗಿ, 1830ರ ಸುಮಾರಿಗೆ ಸೇಂಟ್ ಸ್ಟೀಫನ್ಸ್ ಇಗರ್ಜಿಯ ಮಾಡನ್ನು ಹೊತ್ತವು. ದ್ವೀಪದ ಪೂರ್ವ ತುದಿಯ ಲಾಲ್‌ಬಾಗ್ ತೋಟದ ಮರಗಳು ಅದಕ್ಕೂ ಮುಂಚೆ, 1792ರಲ್ಲಿ ಕಾರ್ನ್‌ವಾಲಿಸನ ದಂಡು ಬಂದಾಗಲೇ, ಮುತ್ತಿಗೆಯ ಸಾಮಗ್ರಿಗೆಂದು ಕೊಡಲಿಯ ಬಾಯಿಗೆ ಬಿದ್ದಿದ್ದವು.

ದರಿಯಾ ದೌಲತ್ ಉಳಿದದ್ದಕ್ಕೆ ಕಾರಣ ಬಹಳ ಸರಳ. ಶ್ರೀರಂಗಪಟ್ಟಣದ ಅಧಿಕಾರ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಅದು ಹಿಡಿಸಿತು. ಮುಂದೆ 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಹೆಸರಾದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ. ನದಿಯ ಗಾಳಿ, ಮರದ ನೆರಳು, ತಣ್ಣಗಿನ ಪಡಸಾಲೆ. ಸೇನಾಧಿಕಾರಿಗೆ ಇನ್ನೇನು ಬೇಕು? ಅವನು ಅಲ್ಲೇ ಬಿಡಾರ ಮಾಡಿದ. ಗೋಡೆಯ ಚಿತ್ರ 1799ರ ಮುತ್ತಿಗೆಗೆ ಮೊದಲೇ ಕೆಟ್ಟಿತ್ತಂತೆ. ಅದನ್ನು ಸರಿಪಡಿಸಲು ಹೇಳಿದವನೂ ಅವನೇ. ತನ್ನವರ ಸೋಲನ್ನು ಹೊಸ ಬಣ್ಣ ಕೊಟ್ಟು ನಿಲ್ಲಿಸಿಕೊಂಡದ್ದು ದೊಡ್ಡ ಮನಸ್ಸೋ, ಸೇಡು ತೀರಿದ ಮೇಲಿನ ನಿಶ್ಚಿಂತೆಯೋ! ಎರಡನೆಯದೇ ಹೆಚ್ಚು ನಿಜವೆಂದು ನನಗೆ ತೋರುತ್ತದೆ. ಕೊನೆಗೆ ಗೆದ್ದವನಿಗೆ ನಡುವಿನ ಸೋಲು ಒಂದು ರೋಚಕ ಕತೆಯಾಗಿಬಿಡುತ್ತದೆ.

ವೆಲ್ಲೆಸ್ಲಿ ಹೋದ ಮೇಲೆ ಗೋಡೆಗೆ ಮತ್ತೆ ಸುಣ್ಣ ಬಿತ್ತು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರಿಗೆ ಬಂದಾಗ ಇನ್ನೊಮ್ಮೆ ಚಿತ್ರ ಬರೆಸಲು ಅಪ್ಪಣೆಯಾಯಿತು. ಬರೆದವನು ಮೂಲವನ್ನು ಕಂಡು ನೆನಪಿಟ್ಟುಕೊಂಡಿದ್ದ ಒಬ್ಬ ದೇಶೀ ಚಿತ್ರಗಾರ. ಹಳೆಯ ಬರಹಗಳಲ್ಲಿ ಅವನು ಹೆಸರಿಲ್ಲದೆ ಬಂದು ಹೆಸರಿಲ್ಲದೆ ಹೋಗುತ್ತಾನೆ. ಬೇಲೂರಿನ ಗುಡಿಯಲ್ಲಿ ಬಳ್ಳಿಗಾವಿಯ ದಾಸೋಜನೂ ಅವನ ಮಗ ಚಾವಣನೂ ವಿಗ್ರಹಗಳ ಪೀಠದ ಮೇಲೆ ತಮ್ಮ ಹೆಸರು ಕೊರೆದಿಟ್ಟಿದ್ದಾರೆ. ಒಂದು ಇಡೀ ಕಾಳಗವನ್ನು ನೆನಪಿನಿಂದ ತೆಗೆದು ಗೋಡೆಗೆ ಹಚ್ಚಿದವನಿಗೆ ಆ ಭಾಗ್ಯವಿಲ್ಲ.

ಹೀಗಿರುವಾಗ ನಾವು ಇಂದು ನೋಡುತ್ತಿರುವುದು ಟಿಪ್ಪು ನೋಡಿದ ಚಿತ್ರವನ್ನೇ? ಈ ತೊಡಕು ನಮಗೊಬ್ಬರಿಗೇ ಬಂದದ್ದಲ್ಲ. ಫ್ಲಾರೆನ್ಸಿನ ಪಲಾಜೊ ವೆಕ್ಯೊ ಅರಮನೆಯ ದೊಡ್ಡ ಸಭಾಂಗಣದಲ್ಲಿ ಲಿಯೊನಾರ್ಡೊ ಡ ವಿಂಚಿ 1505ರ ಸುಮಾರಿಗೆ ಆಂಗಿಯಾರಿ ಕಾಳಗದ ಚಿತ್ರ ತೊಡಗಿ ಅರ್ಧಕ್ಕೇ ಬಿಟ್ಟ. ಆಮೇಲೆ ವಸಾರಿ ಅದೇ ಸಭಾಂಗಣದ ಗೋಡೆಗಳ ಮೇಲೆ ಬೇರೆ ಕಾಳಗಗಳನ್ನು ಬರೆದ. ಲಿಯೊನಾರ್ಡೊನ ಕುದುರೆಗಳು ಹೇಗೆ ಕಚ್ಚಾಡುತ್ತಿದ್ದವು ಎಂದು ಜಗತ್ತು ತಿಳಿದಿರುವುದು ರೂಬೆನ್ಸ್ ಮೊದಲಾದವರು ಮಾಡಿದ ಪ್ರತಿಗಳಿಂದ.

ನಮ್ಮ ಪೊಳ್ಳಿಲೂರಿಗೂ ಕಾಗದದ ಪ್ರತಿ ಇದೆ. ಇಪ್ಪತ್ತನಾಲ್ಕು ಹಾಳೆಗಳನ್ನು ಜೋಡಿಸಿದ, ಮೂವತ್ತು ಅಡಿಗೂ ಉದ್ದನೆಯ ಅಂಥದೊಂದು ಚಿತ್ರ ಕಂಪನಿಯ ಸೈನ್ಯಾಧಿಕಾರಿಯೊಬ್ಬನ ಮೂಲಕ ಇಂಗ್ಲೆಂಡ್ ಸೇರಿತ್ತು. 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು 6,30,000 ಪೌಂಡಿಗೆ ಮಾರಾಟವಾಯಿತು. ಗೋಡೆಯ ಮೇಲಿನ ಚಿತ್ರದ ಎಷ್ಟು ಭಾಗ ಮೂಲದ್ದು, ಎಷ್ಟು ನೆನಪಿನದು ಎಂದು ತೂಗಿ ನೋಡುವವರಿಗೆ ಇಂಥ ಕಾಗದಗಳೇ ಆಧಾರ.

ಕಟ್ಟಡದೊಳಗಿನ ವಸ್ತುಸಂಗ್ರಹಾಲಯವನ್ನು ಭಾರತೀಯ ಪುರಾತತ್ವ ಇಲಾಖೆ ನೋಡಿಕೊಳ್ಳುತ್ತಿದೆ. ಥಾಮಸ್ ಹಿಕಿ ಬರೆದ ಟಿಪ್ಪುವಿನ ಮಕ್ಕಳ ರೇಖಾಚಿತ್ರಗಳ ಮುಂದೆ ನಿಲ್ಲದೆ ಹೋಗಬೇಡಿ. ತಂದೆಯನ್ನೂ ರಾಜ್ಯವನ್ನೂ ಕಳೆದುಕೊಂಡ ಹುಡುಗರನ್ನು ಎದುರು ಕೂರಿಸಿಕೊಂಡು ಬರೆದ ಮುಖಗಳು ಅವು. ರಾಬರ್ಟ್ ಕೆರ್ ಪೋರ್ಟರ್ 1800ರಲ್ಲಿ ಲಂಡನ್ನಿನಲ್ಲಿ ಬರೆದ ‘ಶ್ರೀರಂಗಪಟ್ಟಣದ ಮೇಲೆ ಲಗ್ಗೆ’ಯೂ ಇಲ್ಲಿದೆ. ಹೊರಗೋಡೆಯಲ್ಲಿ ಇಂಗ್ಲಿಷರು ಸೋಲುತ್ತಿದ್ದಾರೆ, ಒಳಗಿನ ಚೌಕಟ್ಟಿನಲ್ಲಿ ಗೆಲ್ಲುತ್ತಿದ್ದಾರೆ.

ಪ್ರವಾಸದ ಬಸ್ಸಿನವರು ಇಲ್ಲಿಗೆ ಕೊಡುವುದು ಹೆಚ್ಚೆಂದರೆ ಅರ್ಧ ಗಂಟೆ. ಅದರಲ್ಲಿ ಹದಿನೈದು ನಿಮಿಷವನ್ನಾದರೂ ಪಶ್ಚಿಮದ ಗೋಡೆಗೆ ಇಟ್ಟುಕೊಳ್ಳಿ. ಪರದೆಯ ಮಬ್ಬಿಗೆ ಕಣ್ಣು ಹೊಂದಿಕೊಳ್ಳುವವರೆಗೆ ಏನೂ ಕಾಣುವುದಿಲ್ಲ. ಆಮೇಲೆ ಒಂದೊಂದೇ ಮುಖ ಮೂಡತೊಡಗುತ್ತದೆ. ಪಲ್ಲಕ್ಕಿಯ ಬೇಯ್ಲಿಯನ್ನು ಗುರುತು ಹಿಡಿದುಕೊಂಡು ಅಲ್ಲಿಂದ ಗಂಜಾಮಿನ ಗುಂಬಜ್‌ಗೆ ಹೋಗಿ. ಅವನು ಸೆರೆಯಲ್ಲಿದ್ದು 1782ರಲ್ಲಿ ಇದೇ ಊರಿನಲ್ಲಿ ಸತ್ತ. ಅವನ ನೆನಪಿಗೆ ಬಂಧುವೊಬ್ಬ 1816ರಲ್ಲಿ ಎತ್ತಿಸಿದ ಸ್ಮಾರಕ ಹೈದರ್, ಟಿಪ್ಪು ಮಲಗಿರುವ ಗುಂಬಜ್‌ನ ಸಮೀಪದಲ್ಲೇ ನಿಂತಿದೆ.